ಬರಿಗಾಲಿನ ಪಾದ್ರಿ, ಪಾದ್ರಿಯಿಲ್ಲದ ಊರು

ಸಂತ ಜೋಸೆಫ್ ವಾಜ್ ನಮ್ಮ ಕರಾವಳಿಯಲ್ಲಿ ಇದ್ದದ್ದು ಮೂರೇ ವರ್ಷ. ಜನರನ್ನು ತಮಗೆ ಅಂಟಿಸಿಕೊಳ್ಳದೆ ಎದ್ದು ಹೋದದ್ದೇ ಅವರು ಮಾಡಿದ ದೊಡ್ಡ ಸೇವೆ ಇರಬಹುದೆ?

ಗೋವೆಗೆ ಅಕ್ಕಿ ಬೇಕಿತ್ತು, ನಮ್ಮ ಕರಾವಳಿಯಲ್ಲಿ ಅಕ್ಕಿ ಇತ್ತು. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಕ್ರೈಸ್ತರ ಕತೆಯನ್ನು ಇಲ್ಲಿಂದಲೂ ಶುರು ಮಾಡಬಹುದು. 16ನೇ ಶತಮಾನದಲ್ಲಿ ಶರಾವತಿಯ ಅಳಿವೆ ಬಾಯಲ್ಲಿ ಕೋಟೆ ಹಿಡಿದು ಕೂತಿದ್ದ ಪೋರ್ಚುಗೀಸರನ್ನು ಮುಂದಿನ ಶತಮಾನದ ನಡುವಿಗೆ ಕೆಳದಿಯ ಶಿವಪ್ಪ ನಾಯಕ ಎಬ್ಬಿಸಿ ಓಡಿಸಿದ. ಹೊನ್ನಾವರ, ಬಸ್ರೂರು, ಮಂಗಳೂರು ಮೂರೂ ಅವರ ಕೈಬಿಟ್ಟವು. ಕೋಟೆ ಹೋದರೂ ಹೊಟ್ಟೆ ಹೋಗಲಿಲ್ಲವಲ್ಲ! ಅದೇ ಪೋರ್ಚುಗೀಸರು ಆಮೇಲೆ ಕೆಳದಿಯ ಬಾಗಿಲಿಗೆ ವ್ಯಾಪಾರದ ಮಾತುಕತೆಗೆ ಬಂದರು. 1678ರಲ್ಲಿ ಆದ ಒಪ್ಪಂದದಲ್ಲಿ ವ್ಯಾಪಾರದ ಜೊತೆಗೆ ಇನ್ನೊಂದು ಷರತ್ತೂ ಸೇರಿತು: ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರದಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ. ಆಗ ಕೆಳದಿಯನ್ನು ಆಳುತ್ತಿದ್ದವಳು ಚೆನ್ನಮ್ಮಾಜಿ. ಅಕ್ಕಿ ಮುಡಿಗಳ ಲೆಕ್ಕದ ನಡುವೆ ದೇವರ ಮನೆಗೂ ಒಂದು ಸಾಲು ಸಿಕ್ಕಿತು ಅನ್ನಿ.

ಇಗರ್ಜಿಗೆ ಹೋಗುವ ಜನ ಅದಕ್ಕೂ ಮೊದಲೇ ಬಂದು ನೆಲೆಸಿದ್ದರು. ಬರಗಾಲ, ಯುದ್ಧ, 1560ರಿಂದ ಶುರುವಾದ ಧರ್ಮವಿಚಾರಣೆಯ (ಇನ್ಕ್ವಿಸಿಷನ್) ಕಾಟ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಗೋವೆ ಬಿಟ್ಟು ತೆಂಕಣಕ್ಕೆ ಇಳಿದ ಕೊಂಕಣಿ ಕುಟುಂಬಗಳು. ಬೇಸಾಯ ಬಲ್ಲವರು, ಮೈಬಗ್ಗಿಸಿ ದುಡಿಯುವವರು. ಪಾಳುಬಿದ್ದ ನೆಲ ಉಳುವವರು ಬೇಕಿದ್ದ ಕೆಳದಿಯವರು ಬೇಡ ಅನ್ನಲಿಲ್ಲ. ಕೊರತೆ ಇದ್ದದ್ದು ಪಾದ್ರಿಗಳದ್ದು. ಮಗು ಹುಟ್ಟಿದರೆ ಜ್ಞಾನಸ್ನಾನ ಕೊಡಲು, ಹಿರಿಯರು ಹಾಸಿಗೆ ಹಿಡಿದರೆ ಕೊನೆಯ ಪಾಪನಿವೇದನೆ ಕೇಳಲು ಹತ್ತಿರದಲ್ಲಿ ಯಾರೂ ಇರುತ್ತಿರಲಿಲ್ಲ.

ಇದ್ದ ನಾಲ್ಕಾರು ಮಂದಿಯೂ ಎರಡು ಪಕ್ಷ. ಒಂದು ಕಡೆ ಪೋರ್ಚುಗಲ್ ದೊರೆಯ ಧರ್ಮಪೋಷಕ ಹಕ್ಕು, ಅಂದರೆ ಪದ್ರುವಾದೊ. ಪೂರ್ವದೇಶಗಳ ಇಗರ್ಜಿಗಳಿಗೆ ಯಾರನ್ನು ನೇಮಿಸಬೇಕು ಅನ್ನುವುದು ತಮಗೆ ಬಿಟ್ಟದ್ದು ಎಂಬ ವಾದ ಅವರದು. ಇನ್ನೊಂದು ಕಡೆ 1622ರಲ್ಲಿ ರೋಮ್ ಸ್ಥಾಪಿಸಿದ ಪ್ರೊಪಗಾಂಡಾ ಮಂಡಳಿ. ಅದು ಗೋವೆಯನ್ನು ಕೇಳದೆ ನೇರವಾಗಿ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಒಬ್ಬ ಬಿಷಪರನ್ನು ಕಳಿಸಿತು. ಅವರು ಗೋವೆಯ ದಿವಾಡಿ ದ್ವೀಪದವರೇ ಆದ ತೊಮಾಸ್ ದೆ ಕಾಸ್ತ್ರೊ, ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು. ಗೋವೆಯ ಪಾದ್ರಿಗಳು ಅವರನ್ನು ಒಪ್ಪಲಿಲ್ಲ, ಅವರೂ ಬಿಟ್ಟುಕೊಡಲಿಲ್ಲ. ಇವರು ಕೊಟ್ಟ ಸಂಸ್ಕಾರ ಸಲ್ಲದು ಎಂದು ಅವರು, ಅವರು ಮಾಡಿದ ಮದುವೆ ಮದುವೆಯೇ ಅಲ್ಲ ಎಂದು ಇವರು. ನಡುವೆ ಸಿಕ್ಕಿಬಿದ್ದವರು ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಜನ. ತಮ್ಮ ಮದುವೆ ಊರ್ಜಿತವೋ ಅಲ್ಲವೋ ಎಂದು ಚಿಂತಿಸುತ್ತ ಬಾಳುವ ಸಂಕಟವನ್ನು ಒಮ್ಮೆ ಊಹಿಸಿಕೊಳ್ಳಿ.

ಮೂವತ್ತರ ಪಾದ್ರಿ

ಈ ಗೋಜಲಿನೊಳಗೆ 1681ರಲ್ಲಿ ಗೋವೆಯವರು ಕಳಿಸಿದ್ದು 30 ವರ್ಷದ ಜೋಸೆಫ್ ವಾಜ್ ಅವರನ್ನು, ಕೆನರಾ ಮಿಷನ್ನಿನ ಮೇಲಧಿಕಾರಿಯಾಗಿ. ಹುಟ್ಟಿದ್ದು 1651ರ ಏಪ್ರಿಲ್ 21ರಂದು ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ, ಮನೆತನ ಸಾಂಕವಾಳದ್ದು. 1676ರಲ್ಲಿ ಪಾದ್ರಿಯಾದರು. ಆಗಿನ ಗೋವೆಯಲ್ಲಿ ಸ್ಥಳೀಯ ಪಾದ್ರಿಗೆ ದೊಡ್ಡ ಭವಿಷ್ಯವೇನೂ ಇರಲಿಲ್ಲ. ಯುರೋಪಿನಿಂದ ಬಂದ ಸನ್ಯಾಸಿ ಸಭೆಗಳು ನಮ್ಮವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ವಾಜ್ ಊರಿಗೆ ಹೋಗಿ, ಗುರುಮಠ ಸೇರಬೇಕೆಂದಿದ್ದ ಹುಡುಗರಿಗೆ ಲ್ಯಾಟಿನ್ ಹೇಳಿಕೊಡುವ ಒಂದು ಶಾಲೆ ತೆರೆದರು. ಅವರ ಜೀವಮಾನದ ಕೆಲಸದ ಜಾಡು ನನಗೆ ಇಲ್ಲೇ ಕಾಣುತ್ತದೆ. ಪ್ರವಚನದಲ್ಲಿ ಹೆಸರು ಮಾಡಬಹುದಾಗಿದ್ದವರು ತಮ್ಮ ಹಿಂದೆ ಬರುವವರನ್ನು ತಯಾರು ಮಾಡಲು ಕೂತರು.

1677ರ ಆಗಸ್ಟ್ 5ರಂದು ಅವರು ಒಂದು ಪತ್ರ ಬರೆದಿಟ್ಟರು: ತಾನು ಮಾತೆ ಮರಿಯಳ ಜೀತದಾಳು ಎಂದು, ಕಾನೂನಿನ ಕರಾರುಪತ್ರದ ಧಾಟಿಯಲ್ಲಿ, ತಮ್ಮ ಸಹಿ ಹಾಕಿ. ಮನುಷ್ಯರನ್ನು ಹಡಗಿನಲ್ಲಿ ತುಂಬಿ ಮಾರುತ್ತಿದ್ದ ಕಾಲ, ಮನುಷ್ಯರ ಮಾರಾಟ ಕಂಡ ಊರು ಗೋವೆ. ಬ್ರಾಹ್ಮಣ ಮೂಲದ ಉಳ್ಳವರ ಮನೆಯ ಮಗ ಅಂಥ ಕಡೆ ಕೂತು ತನ್ನನ್ನೇ ಬರೆದುಕೊಟ್ಟುಬಿಟ್ಟ. ಹರಿದಾಸರನ್ನು ಕೇಳಿ ಬೆಳೆದ ನಮ್ಮ ಕಿವಿಗೆ ದಾಸನಾಗುವುದು ಹೊಸದೇನಲ್ಲ. ಆದರೆ ಹಾಡಿನಲ್ಲಿ ಹೇಳಿಕೊಳ್ಳುವುದು ಒಂದು, ಪತ್ರ ಮಾಡಿಕೊಡುವುದು ಇನ್ನೊಂದು. ಮುಂದಿನ 33 ವರ್ಷ ಅವರು ಆ ಪತ್ರದ ಪ್ರಕಾರವೇ ಬದುಕಿದರು.

ಗೋವೆಯಿಂದ ಭಟ್ಕಳದ ತನಕ ನಡೆದು ಬರುವವನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕನ್ನೂ ದಾಟಲೇಬೇಕು. ಚಿಕ್ಕಪುಟ್ಟ ಹೊಳೆ, ಹಳ್ಳ, ಗಜನಿಗಳ ಲೆಕ್ಕ ಬೇರೆ. ವಾಜ್ ಬರಿಗಾಲಲ್ಲಿ ನಡೆಯುತ್ತಿದ್ದವರು. ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ ಎಂದು ತೆಂಕಣಕ್ಕೆ ಇಳಿಯುತ್ತ, ಬಿದ್ದುಹೋಗಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಮಕ್ಕಳಿಗೆ ಶಾಲೆ ಮಾಡಿದರು, ಗೃಹಸ್ಥರನ್ನು ಭಕ್ತಕೂಟಗಳಲ್ಲಿ ಸೇರಿಸಿದರು. ಮಂಗಳೂರಿನ ಆಚೆ ಮುಡಿಪುವಿನ ಗುಡ್ಡದ ಮೇಲೆ ಅವರನ್ನು ಕೊಲ್ಲಲು ಕರೆದೊಯ್ದಾಗ ಕಲ್ಲಿನಿಂದ ನೀರು ಚಿಮ್ಮಿತು ಎಂಬ ಪ್ರತೀತಿ ಇದೆ. ಆ ಜಾಗ ಇಂದು ಯಾತ್ರಾಸ್ಥಳ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಬಿಷಪರ ಜೊತೆ ಅವರು ನಡೆದುಕೊಂಡ ರೀತಿ.

ಗೋವೆಯವರು ಕಳಿಸಿದ್ದು ತಮ್ಮ ಹಕ್ಕು ಸಾಧಿಸಿಕೊಂಡು ಬಾ ಎಂದು. ವಾಜ್ ಹೋಗಿ ಬಿಷಪರನ್ನು ಕಂಡರು, ಮಾತಾಡಿದರು, ಜಗಳ ರೋಮಿನಲ್ಲಿ ತೀರುವ ತನಕ ಜನರಿಗೆ ಸಂಸ್ಕಾರ ನಿಲ್ಲದಂತೆ ಹೊಂದಾಣಿಕೆಯ ದಾರಿ ಹುಡುಕಿದರು. ಗೋವೆಯ ಕೆಲವರಿಗೆ ಇದು ಸರಿಬರಲಿಲ್ಲ, ಆ ಕಡೆಯವರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಎರಡೂ ಬಣದ ನಡುವೆ ನಿಂತವನಿಗೆ ಎರಡೂ ಕಡೆಯಿಂದ ಕಲ್ಲು ಬೀಳುವುದು ಇದ್ದದ್ದೇ. ದೆ ಕಾಸ್ತ್ರೊ 1684ರಲ್ಲಿ ತೀರಿಕೊಂಡರು. ಅದೇ ವರ್ಷ ವಾಜ್ ಗೋವೆಗೆ ಮರಳಿದರು. ಕಚೇರಿಯ ಲೆಕ್ಕದಲ್ಲಿ ನೋಡಿದರೆ ಈ ಮೂರು ವರ್ಷ ಸೋಲು: ಹೋದ ಕೆಲಸ ಆಗಲಿಲ್ಲ, ಜಗಳ ಮುಗಿಯಲಿಲ್ಲ. ಪದ್ರುವಾದೊ ಮತ್ತು ಪ್ರೊಪಗಾಂಡಾ ವ್ಯಾಜ್ಯ ಅವರು ಸತ್ತ ಮೇಲೂ ತಲೆಮಾರುಗಟ್ಟಲೆ ಎಳೆಯಿತು. ಆದರೂ ಆ ಜಗಳದಲ್ಲಿ ಗೆದ್ದವರ ಹೆಸರು ಇಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ದಾರಿ ತೋರಿಸುವವನ ಕೆಲಸ

ಕ್ರೈಸ್ತ ಪರಂಪರೆಯಲ್ಲಿ ಆತ್ಮದ ಮಾರ್ಗದರ್ಶನ ಅನ್ನುವುದು ಪ್ರವಚನವಲ್ಲ, ಪಾಪನಿವೇದನೆಯೂ ಅಲ್ಲ. ಪಾಪನಿವೇದನೆ ಕೇಳಲು ಪಾದ್ರಿಯೇ ಬೇಕು. ಮಾರ್ಗದರ್ಶಿ ಯಾರೂ ಆಗಬಹುದು: ಒಬ್ಬ ಸಿಸ್ಟರ್, ಒಬ್ಬ ಮೇಷ್ಟ್ರು, ಪಕ್ಕದ ಮನೆಯ ಅಜ್ಜಿ. ಅವರ ಕೆಲಸ ಕಿವಿಗೊಟ್ಟು ಕೇಳುವುದು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಮಾರ್ಗದರ್ಶಿಗೆ ಒಂದು ಕಟ್ಟುನಿಟ್ಟು ಹಾಕಿದ್ದಾರೆ. ಎದುರು ಕೂತವರನ್ನು ಈ ಕಡೆಗೂ ಎಳೆಯಬಾರದು, ಆ ಕಡೆಗೂ ತಳ್ಳಬಾರದು. ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ದೇವರೂ ಆ ಮನುಷ್ಯನೂ ತಾವೇ ಮಾತಾಡಿಕೊಳ್ಳಲು ಬಿಡಬೇಕು. ಇದು ಹೇಳಿದಷ್ಟು ಸುಲಭವಲ್ಲ. ಸಲಹೆ ಕೊಡುವ ಚಟ ಬಿಡಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ?

ಕೆನರಾದಿಂದ ಮರಳಿದ ವಾಜ್ 1685ರಲ್ಲಿ ಹಳೇ ಗೋವೆಯ ಒರಟೋರಿಯನ್ ಸಭೆ ಸೇರಿದರು, ಸ್ವಲ್ಪದರಲ್ಲೇ ಅದರ ಮುಖ್ಯಸ್ಥರೂ ಆದರು. ಸ್ಥಳೀಯ ಪಾದ್ರಿಗಳೇ ಕಟ್ಟಿಕೊಂಡ ಸಭೆ ಅದು. ಅದಕ್ಕೆ ಮಾದರಿ 16ನೇ ಶತಮಾನದ ರೋಮಿನ ಸಂತ ಫಿಲಿಪ್ ನೇರಿ, ತನ್ನ ಕೋಣೆಯಲ್ಲಿ ಅಂಗಡಿಯವರನ್ನೂ ಕುಶಲಕರ್ಮಿಗಳನ್ನೂ ಕೂರಿಸಿಕೊಂಡು ಸಲೀಸಾಗಿ ದೇವರ ಮಾತಾಡುತ್ತಿದ್ದವರು. 1686ರಲ್ಲಿ ವಾಜ್ ಆ ಮುಖ್ಯಸ್ಥನ ಕುರ್ಚಿ ಬಿಟ್ಟು ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೊರಟರು. ಹೋದದ್ದು ಮತ್ತೆ ನಮ್ಮ ಕೆನರಾ ದಾರಿಯಲ್ಲೇ. ಜೊತೆಗಿದ್ದವರಲ್ಲಿ ಒಬ್ಬ ಜುವಾಂವ್ ಎಂಬ ಮನೆಯಾಳು. ಡಚ್ಚರು ಹಿಡಿದಿದ್ದ ಜಾಫ್ನಾದಲ್ಲಿ ಕಥೋಲಿಕ ಪಾದ್ರಿಗೆ ಪ್ರವೇಶವಿರಲಿಲ್ಲ. ಹಾಗಾಗಿ ವಾಜ್ ಕೂಲಿಯವನ ವೇಷ ತೊಟ್ಟರು. ಒಡೆಯ ಯಾರು, ಆಳು ಯಾರು ಎಂದು ಗುರುತಿಲ್ಲದ ಇಬ್ಬರು ಹಾಗೆ 1687ರಲ್ಲಿ ಕಡಲು ದಾಟಿದರು.

ಇಳಿದ ಕೂಡಲೆ ಹೊಟ್ಟೆಬೇನೆ ಹಿಡಿದು ದಾರಿ ಬದಿಯಲ್ಲಿ ಬಿದ್ದರು. ಯಾರೋ ಒಬ್ಬ ಹೆಂಗಸು ದಿನಾ ಗಂಜಿ ತಂದುಕೊಟ್ಟು ಉಳಿಸಿದಳು. ಎದ್ದು ಓಡಾಡುವಂತಾದ ಮೇಲೆ ವಾಜ್ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಬಾಗಿಲು ತೆಗೆದವರ ಕಣ್ಣು ಆ ಜಪಸರದ ಮೇಲೆ ಹೇಗೆ ಬೀಳುತ್ತದೆ ಎಂದು ನೋಡುತ್ತಿದ್ದರು. ಕಥೋಲಿಕರು ಎಂದು ಬಾಯಿಬಿಟ್ಟು ಹೇಳಿಕೊಳ್ಳುವಂತಿಲ್ಲದ ಊರಿನಲ್ಲಿ ತನ್ನವರನ್ನು ಕಂಡುಹಿಡಿಯಲು ಇದ್ದ ದಾರಿ ಅದೊಂದೇ. ಸೇವೆ ಮಾಡಲು ಬಂದವರು ಮೊದಲು ಇನ್ನೊಬ್ಬರ ಗಂಜಿ ಉಂಡು ಬದುಕಬೇಕಾಯಿತು ಅನ್ನುವುದನ್ನು ಅವರ ಚರಿತ್ರೆ ಬರೆದವರು ಬೇಗ ದಾಟಿಬಿಡುತ್ತಾರೆ. ನನಗೆ ಅದು ದೊಡ್ಡ ವಿಷಯ. ಕೊಡುವುದಷ್ಟೇ ಗೊತ್ತಿದ್ದವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ.

ಮುಂದೆ 1692ರಲ್ಲಿ ಕ್ಯಾಂಡಿ, ಪೋರ್ಚುಗೀಸರ ಗೂಢಚಾರ ಎಂಬ ಅನುಮಾನದ ಮೇಲೆ ಸೆರೆ, ಆಮೇಲೆ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯನ ಆಶ್ರಯ. 1697ರಲ್ಲಿ ಊರಿಗೆ ಸಿಡುಬು ಬಂತು. ರೋಗ ತಗಲಿದವರನ್ನು ಹೆತ್ತವರೇ ಕಾಡಿಗೆ ಬಿಟ್ಟು ಬರುವ ಕಾಲ. ವಾಜ್ ಮತ್ತು ಅವರ ಅಕ್ಕರೆಯ ಸೋದರಳಿಯ, ಪಾದ್ರಿ ಜೋಸೆ ಕಾರ್ವಾಲೊ, ಅಂಥವರಿಗೆ ಗುಡಿಸಲು ಹಾಕಿ, ಗಂಜಿ ಕುಡಿಸಿ, ಕೀವು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತರೋ ಅಲ್ಲವೋ ಎಂದು ಕೇಳಲಿಲ್ಲ.

ಸಿಂಹಳದಲ್ಲಿ ಅವರು ಕಟ್ಟಿದ ವ್ಯವಸ್ಥೆ ನಮ್ಮ ಈ ಕತೆಗೆ ಬಹಳ ಮುಖ್ಯ. ದ್ವೀಪವಿಡೀ ಹಲವು ಕಾಲ ಅವರೊಬ್ಬರೇ ಪಾದ್ರಿ. ಒಂದು ಊರಿಗೆ ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹಾಗಾಗಿ ಪ್ರತಿ ಊರಿನಲ್ಲೂ ಗೃಹಸ್ಥರಲ್ಲೇ ಒಬ್ಬರಿಗೆ ಜವಾಬ್ದಾರಿ ಹೊರಿಸಿದರು. ಭಾನುವಾರ ಜನರನ್ನು ಸೇರಿಸಿ ಜಪ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ರೋಗಿಗಳ ಹತ್ತಿರ ಕೂರುವುದು, ಸಾಯುವ ಸ್ಥಿತಿಯ ಕೂಸಿಗೆ ನೀರೆರೆದು ಜ್ಞಾನಸ್ನಾನ ಕೊಡುವುದು ಅವರ ಪಾಲಿಗೆ. ತುರ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಅನ್ನುವುದು ಧರ್ಮಸಭೆಯ ಹಳೆಯ ನಿಯಮವೇ. ವಾಜ್ ಆ ನಿಯಮದ ಸಂದಿಯಲ್ಲಿ ಇಡೀ ಊರುಗಳನ್ನು ನಿಲ್ಲಿಸಿದರು. ಅಣ್ಣಾವಿ, ಮೂಪ್ಪು ಎಂದು ಅಲ್ಲಿನವರು ಕರೆಯುತ್ತಿದ್ದ ಈ ಮುಂದಾಳುಗಳಲ್ಲಿ ಮೀನುಗಾರರೂ ಇದ್ದರು, ರೈತರೂ ಇದ್ದರು.

1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಕಿರಿಯ ಪಾದ್ರಿಯ ಭಾಷಾಪ್ರತಿಭೆಯನ್ನು ಗುರುತಿಸಿದ ವಾಜ್ ಅವರನ್ನು ಸಿಂಹಳ ಭಾಷೆ ಕಲಿಯಲು ಬಿಟ್ಟರು. ಕೈಕೆಳಗೆ ಬೆರಳೆಣಿಕೆಯ ಜನ ಇರುವಾಗ ಒಬ್ಬನನ್ನು ಓದಲು ಕೂರಿಸುವುದು ಎಲ್ಲ ಮೇಲಧಿಕಾರಿಗಳಿಂದ ಆಗುವ ಕೆಲಸವಲ್ಲ. ಗೊನ್ಸಾಲ್ವಿಸ್ 1742ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಿಂಹಳದ ಕ್ರೈಸ್ತ ಸಾಹಿತ್ಯಕ್ಕೆ ಪಿತಾಮಹ ಎನ್ನಿಸಿಕೊಂಡಿದ್ದರು. ರೋಮಿನ ಪ್ರತಿನಿಧಿ ಬಿಷಪ್ ಸಮಾನದ ಪದವಿ ಕೊಡಬಂದಾಗ ವಾಜ್ ಒಪ್ಪಿಕೊಳ್ಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಸತ್ತರು, 60 ತುಂಬಿರಲಿಲ್ಲ. 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಪಾದ್ರಿಯಿಲ್ಲದ ಹದಿನೈದು ವರ್ಷ

ವಾಜ್ ಕೆನರಾ ಬಿಟ್ಟು ಸರಿಯಾಗಿ ನೂರು ವರ್ಷಕ್ಕೆ, 1784ರಲ್ಲಿ, ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿಯುವ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿದ. ಆಸ್ತಿ ಜಪ್ತಿಯಾಯಿತು, ಇಗರ್ಜಿಗಳು ನೆಲ ಕಂಡವು, ಪಾದ್ರಿಗಳನ್ನು ಹೊರಗಟ್ಟಿದರು. ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಎಂಬುದರ ಮೇಲೆ ಇತಿಹಾಸಕಾರರಲ್ಲಿ ಜಗಳವಿದೆ. ದಾರಿಯಲ್ಲೇ ಬಹಳ ಮಂದಿ ಸತ್ತರು ಅನ್ನುವುದರಲ್ಲಿ ಜಗಳವಿಲ್ಲ. 1799ರಲ್ಲಿ ಪಟ್ಟಣ ಬೀಳುವ ತನಕ ಹದಿನೈದು ವರ್ಷ ಅವರಿಗೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ.

ಆಮೇಲೆ ಉಳಿದವರು ಘಟ್ಟ ಇಳಿದು ವಾಪಸು ಬಂದರು. ಬಂದವರು ಇಗರ್ಜಿ ಇದ್ದ ಜಾಗ ಹುಡುಕಿಕೊಂಡು ಮತ್ತೆ ಕಟ್ಟಿದರು. ಪಟ್ಟಣದಲ್ಲಿ ಉಳಿದುಕೊಂಡವರನ್ನು ಒಟ್ಟು ಮಾಡಲು ಹೋದವರು ಫ್ರೆಂಚ್ ಪಾದ್ರಿ ಅಬೆ ದುಬುವಾ, ನಮ್ಮ ನಡೆನುಡಿಗಳ ಬಗ್ಗೆ ದಪ್ಪ ಪುಸ್ತಕ ಬರೆದು ಹೆಸರಾದ ಅದೇ ದುಬುವಾ. ಹದಿನೈದು ವರ್ಷ ಅಂದರೆ ಒಂದು ಮಗು ಹುಟ್ಟಿ, ಜಪ ಕಲಿತು, ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಆ ಮಗುವಿಗೆ ನೀರೆರೆದವರು ಯಾರು, ಶಿಲುಬೆಯ ಗುರುತು ಹಾಕಲು ಕೈ ಹಿಡಿದು ಕಲಿಸಿದವರು ಯಾರು? ಪಾದ್ರಿಗಳಂತೂ ಅಲ್ಲ. ಅಜ್ಜಿಯಂದಿರು, ಊರಿನ ಗೃಹಸ್ಥ ಮುಂದಾಳುಗಳಾದ ಗುರ್ಕಾರರು, ಲೇಖನಿ ಹಿಡಿಯದ ಯಾರ್ಯಾರೋ. ಇದನ್ನೆಲ್ಲ ವಾಜ್ ಒಬ್ಬರ ಲೆಕ್ಕಕ್ಕೆ ಬರೆದರೆ ಅತಿಯಾಗುತ್ತದೆ, ನಡುವೆ ನೂರು ವರ್ಷ ಇನ್ನೆಷ್ಟೋ ಪಾದ್ರಿಗಳು ದುಡಿದಿದ್ದಾರೆ. ಆದರೆ ಪಾದ್ರಿ ಬಂದರೆ ಮಾತ್ರ ಧರ್ಮ, ಇಲ್ಲದಿದ್ದರೆ ಇಲ್ಲ ಎಂದು ಜನರಿಗೆ ಕಲಿಸಿದ್ದರೆ 1799ರಲ್ಲಿ ವಾಪಸು ಬರಲು ಯಾರೂ ಉಳಿದಿರುತ್ತಿರಲಿಲ್ಲ. ಮಾರ್ಗದರ್ಶನಕ್ಕೆ ಇದಕ್ಕಿಂತ ಗಟ್ಟಿ ಪರೀಕ್ಷೆ ನನಗಂತೂ ತೋಚುವುದಿಲ್ಲ.

ಇವತ್ತು ಉತ್ತರ ಕನ್ನಡ ಜಿಲ್ಲೆ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ್ದು. 1976ರ ಜನವರಿ 24ರಂದು ಬೆಳಗಾವಿಯಿಂದ ಬೇರೆಯಾದದ್ದು, ಮೊದಲ ಬಿಷಪ್ ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ. ಹೊನ್ನಾವರದಲ್ಲಿ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆ ಇದೆ. 1678ರ ಒಪ್ಪಂದದ ಪಟ್ಟಿಯಲ್ಲಿದ್ದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಇಗರ್ಜಿಯಿದೆ. ಡಿಸೆಂಬರ್ 3ರ ಫೆಸ್ತಿಗೆ ಮೇಣದ ಬತ್ತಿ, ಹೂವು ಹಿಡಿದು ಸಾಲು ನಿಲ್ಲುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಮಂದಿ. ಹರಕೆ ಹೊತ್ತವರಿಗೆ ಜಾತಿಪತ್ರ ಯಾರೂ ಕೇಳುವುದಿಲ್ಲ.

ಆದರೂ ಈ ಸೀಮೆಯ ನಿಜವಾದ ಗುರುಪರಂಪರೆ ಇರುವುದು ಮನೆಯೊಳಗೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಅಲ್ತಾರಿನ ಮುಂದೆ ಮೊಣಕಾಲೂರಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಾರೆ. ಹಿರಿಯರು ಒಂದು ಪಾಲು ಹೇಳಿದರೆ ಉಳಿದವರು ಇನ್ನೊಂದು ಪಾಲು. ನಿದ್ದೆ ತೂಗುವ ಕಿರಿಯನಿಗೆ ಮೊಣಕೈಯಿಂದ ಒಂದು ತಿವಿತ. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ಹಗಲು ಬೈಗುಳ ತಿಂದ ಮಗುವೂ ಬೈದ ಅಪ್ಪನೂ ಈ ಹೊತ್ತಿಗೆ ರಾಜಿಯಾಗಲೇಬೇಕು, ಬೆಸಾಂವ್ ಕೇಳದೆ ಊಟಕ್ಕೆ ಕೂರುವ ಹಾಗಿಲ್ಲ. ಮಾರ್ಗದರ್ಶನದ ಬಗ್ಗೆ ಬಂದ ಹತ್ತು ಪುಸ್ತಕ ಓದಿದರೂ ಸಿಗದ ಪಾಠ ಇದು.

ಈ ಪದ್ಧತಿಗೆ ಈಗ ಪೆಟ್ಟು ಬಿದ್ದಿದೆ. ಮುಂಬಯಿ, ಗೋವಾ, ಕೊಲ್ಲಿ ದೇಶ ಎಂದು ದುಡಿಯುವ ವಯಸ್ಸಿನವರು ಊರು ಬಿಟ್ಟಿದ್ದಾರೆ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು, ಇದರ ವಿಶ್ವಾಸಕ್ಕೆ ನಾನು ಹೊಣೆ ಎಂದು ಮಾತು ಕೊಡುವ ಜ್ಞಾನತಂದೆ, ಜ್ಞಾನತಾಯಿಯರು ಮಾರನೆಯ ವಾರ ವಿಮಾನ ಹತ್ತುತ್ತಾರೆ. ಆಮೇಲೆ ಹುಟ್ಟುಹಬ್ಬಕ್ಕೊಂದು ಪಾರ್ಸೆಲ್. ಆ ಖಾಲಿ ಜಾಗ ತುಂಬಲು ಮೊಬೈಲಿನೊಳಗೆ ಪ್ರವಚನಕಾರರು ಸಾಲುಗಟ್ಟಿ ಕಾದಿದ್ದಾರೆ. ಅವರಲ್ಲಿ ಒಳ್ಳೆಯವರು ಇಲ್ಲವೆಂದಲ್ಲ. ಆದರೆ ಯಾರನ್ನು ಬಿಟ್ಟು ನಮಗೆ ಪ್ರಾರ್ಥನೆಯೇ ಬಾರದೋ ಅಂಥವರನ್ನು ಗುರು ಅನ್ನಲು ನನಗೆ ಅಳುಕು. ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಬಹುದು. ಅವರಲ್ಲಿ ಒಬ್ಬನಾದರೂ ಇನ್ನೊಬ್ಬನ ಕೈ ಹಿಡಿದು ನಡೆಸುವವನಾದನೆ ಅನ್ನುವುದು ಬೇರೆ ಲೆಕ್ಕ.

ಆ ಲೆಕ್ಕ ಇಂದಿಗೂ ಇಡುತ್ತಿರುವವರು ಭಾನುವಾರದ ಧರ್ಮೋಪದೇಶ ತರಗತಿಯ ಮೇಷ್ಟ್ರು, ಟೀಚರಮ್ಮಂದಿರು. ಪೂಜೆ ಮುಗಿದು ದೊಡ್ಡವರು ಅಂಗಳದಲ್ಲಿ ಮಾತಿಗೆ ನಿಂತರೆ ಇವರು ಮಕ್ಕಳನ್ನು ಒಳಗೆ ಕೂರಿಸಿಕೊಳ್ಳುತ್ತಾರೆ. ವಾರವಿಡೀ ಅಂಗಡಿ, ಶಾಲೆ, ಬ್ಯಾಂಕು, ಬಂದರು ಎಂದು ದುಡಿದವರಿಗೆ ಸಿಗುವುದು ಇದೊಂದು ರಜೆ, ಈ ಕೆಲಸಕ್ಕೆ ಸಂಬಳವೂ ಇಲ್ಲ. ವರ್ಷದ ಕೊನೆಗೆ ಮಕ್ಕಳ ಮೊದಲ ಪರಮಪ್ರಸಾದ ಸ್ವೀಕಾರದ ಫೋಟೊದಲ್ಲಿ ಬಿಳಿ ಬಟ್ಟೆ ತೊಟ್ಟ ಮಕ್ಕಳು ಮುಂದೆ, ನಡುವೆ ಫಾದರ್, ಅಕ್ಕಪಕ್ಕ ಅಪ್ಪ ಅಮ್ಮಂದಿರು. ಟೀಚರಮ್ಮ ಬಹಳ ಸಲ ಚೌಕಟ್ಟಿನ ಹೊರಗೆ ನಿಂತು, ಒಬ್ಬ ಹುಡುಗನ ಕೊರಳಪಟ್ಟಿ ಸರಿ ಮಾಡು ಎಂದು ಕೈಸನ್ನೆ ಮಾಡುತ್ತಿರುತ್ತಾರೆ. ಮುಂದಿನ ವಾರದಿಂದ ಹೊಸ ತಂಡ.